ಕುರ್ತುಬಾದ ವೈದ್ಯ ಮತ್ತು ಸೂಲಗಿತ್ತಿ

ಗರ್ಭಾಶಯದ ಕಾಯಿಲೆಗಳ ಕುರಿತು ಮಾತನಾಡುವುದೇ ಸಭ್ಯತೆಯಲ್ಲ ಎಂಬ ಭಾವನೆ ನಮ್ಮ ಅನೇಕ ಮನೆಗಳಲ್ಲಿದೆ. ಸಾವಿರ ವರ್ಷಗಳ ಹಿಂದಿನ ಮುಸ್ಲಿಮ್ ವೈದ್ಯರು ಹಾಗೆ ಭಾವಿಸಿರಲಿಲ್ಲ.

ಸ್ಪೇನಿನ ಕುರ್ತುಬಾ ನಗರದ ಬಳಿಯ ಮದೀನತುಝ್ಝಹ್ರಾದಲ್ಲಿ ಸುಮಾರು 936ರಲ್ಲಿ ಜನಿಸಿದ ಅಬುಲ್ ಕಾಸಿಮ್ ಅಝ್ಝಹ್ರಾವಿ, ತಮ್ಮ ಅನುಭವವನ್ನು 'ಅತ್ತಸ್ರೀಫ್' ಎಂಬ 30 ಭಾಗಗಳ ಗ್ರಂಥದಲ್ಲಿ ದಾಖಲಿಸಿದರು. ಅದರ ಕೊನೆಯ ಭಾಗ ಶಸ್ತ್ರಚಿಕಿತ್ಸೆಗೆ ಮೀಸಲು. ಹೆರಿಗೆ ಕಠಿಣವಾದಾಗ ಸೂಲಗಿತ್ತಿ ಏನು ಮಾಡಬೇಕು, ಸತ್ತ ಭ್ರೂಣವನ್ನೂ ಒಳಗುಳಿದ ಮಾಸನ್ನೂ ಹೇಗೆ ಹೊರತೆಗೆಯಬೇಕು ಎಂಬುದನ್ನು ಅವರು ಅದರಲ್ಲಿ ವಿವರಿಸಿದರು. ಅದಕ್ಕೆ ಬೇಕಾದ ಉಪಕರಣಗಳ ಚಿತ್ರಗಳನ್ನೂ ನೀಡಿದರು.

ಅವರು ಕಣ್ಣಾರೆ ಕಂಡ ಒಂದು ಘಟನೆಯೂ ಅಲ್ಲಿದೆ. ಓರ್ವ ಮಹಿಳೆಯ ಗರ್ಭದಲ್ಲೇ ಶಿಶು ಸತ್ತಿತ್ತು. ಬಹುಕಾಲದ ಬಳಿಕ ಆಕೆಯ ಹೊಕ್ಕುಳಲ್ಲಿ ಬಾವು ಕಾಣಿಸಿಕೊಂಡು, ಒಡೆದು, ಕೀವು ಸುರಿಯತೊಡಗಿತು. ಒಂದು ದಿನ ಅದರಿಂದ ಎಲುಬೊಂದು ಹೊರಬಂತು. ಅಚ್ಚರಿಗೊಂಡ ವೈದ್ಯರು ಅದು ಸತ್ತ ಶಿಶುವಿನದೆಂದು ಗ್ರಹಿಸಿ, ಉಳಿದ ಎಲುಬುಗಳನ್ನೂ ತೆಗೆದರು. ಆಕೆ ಬದುಕಿದಳು. ಗರ್ಭಾಶಯದ ಹೊರಗೆ ಬೆಳೆಯುವ ಗರ್ಭದ ಅತ್ಯಂತ ಹಳೆಯ ವಿವರಣೆಗಳಲ್ಲಿ ಒಂದೆಂದು ಇತಿಹಾಸಕಾರರು ಇದನ್ನು ಪರಿಗಣಿಸುತ್ತಾರೆ.

ಹಾಗಾದರೆ ಲಜ್ಜೆಯ ಪ್ರಶ್ನೆ? ಅಝ್ಝಹ್ರಾವಿ ಅದನ್ನು ಮರೆತಿರಲಿಲ್ಲ. ಸ್ತ್ರೀಯರ ಮೂತ್ರಕೋಶದ ಕಲ್ಲು ತೆಗೆಯುವ ಅಧ್ಯಾಯದಲ್ಲಿ, ಮಾನವಂತ ಮಹಿಳೆ ಪುರುಷ ವೈದ್ಯನ ಮುಂದೆ ದೇಹ ತೋರಲು ಹಿಂಜರಿಯುತ್ತಾಳೆಂದು ಅವರು ಒಪ್ಪುತ್ತಾರೆ. ಆದರೆ ರೋಗಿಯನ್ನು ಕೈಬಿಡುವುದಿಲ್ಲ. ನುರಿತ ಸೂಲಗಿತ್ತಿಯನ್ನು ಕರೆಸಿ, ವೈದ್ಯನು ಹೇಳಿದಂತೆ ಆಕೆಯೇ ಪರೀಕ್ಷಿಸಲಿ ಎನ್ನುತ್ತಾರೆ. ಲಜ್ಜೆಗೂ ಚಿಕಿತ್ಸೆಗೂ ಏಕಕಾಲದಲ್ಲಿ ದಾರಿ ಹುಡುಕಿದ ವಿವೇಕವಿದು.

ಮುಟ್ಟಿನ ಶುದ್ಧಿಯ ಕುರಿತು ಪ್ರವಾದಿಯವರಲ್ಲಿ(ಸ) ಪ್ರಶ್ನೆ ಕೇಳಿದ ಪ್ರಸಂಗದಲ್ಲಿ, ಅರಿವು ಪಡೆಯಲು ಲಜ್ಜೆಯನ್ನು ಅಡ್ಡಿಯಾಗಿಸದ ಅನ್ಸಾರಿ ಮಹಿಳೆಯರನ್ನು ಹಝ್ರತ್ ಆಯಿಶಾ(ರ) ಪ್ರಶಂಸಿಸಿದ್ದರು. ಆ ಪರಂಪರೆಯ ವಾರಸುದಾರರಾದ ನಾವು ಎಲ್ಲಿದ್ದೇವೆ? ಗರ್ಭಕೊರಳಿನ ಕ್ಯಾನ್ಸರ್ ಇಂದಿಗೂ ಭಾರತೀಯ ಮಹಿಳೆಯರನ್ನು ಅತಿ ಹೆಚ್ಚು ಕಾಡುವ ಕ್ಯಾನ್ಸರ್‌ಗಳಲ್ಲೊಂದು. ಆರಂಭದಲ್ಲೇ ಪತ್ತೆಯಾದರೆ ಅದನ್ನು ಗುಣಪಡಿಸಲು ಸಾಧ್ಯ. ಆದರೂ ಮುಟ್ಟು ನಿಂತ ಬಳಿಕ ಕಾಣಿಸಿದ ರಕ್ತಸ್ರಾವವನ್ನು, ದುರ್ವಾಸನೆಯ ಬಿಳಿಸೆರಗನ್ನು ತಿಂಗಳುಗಟ್ಟಲೆ ಬಚ್ಚಿಡುವ ತಾಯಂದಿರು ನಮ್ಮ ನಡುವೆ ಇದ್ದಾರೆ.

ಅಝ್ಝಹ್ರಾವಿ ಬಯಸಿದ ನುರಿತ ಮಹಿಳೆ ಅಂದು ವಿರಳವಾಗಿದ್ದಳು. ಇಂದು ಮಹಿಳಾ ವೈದ್ಯರು ನಮ್ಮ ಊರುಗಳಲ್ಲೇ ಇದ್ದಾರೆ. ಅವರ ಬಳಿಗೆ ತಾಯಿಯನ್ನು, ಪತ್ನಿಯನ್ನು, ಮಗಳನ್ನು ಸಕಾಲದಲ್ಲಿ ಕರೆದೊಯ್ಯುವುದು ನಮ್ಮ ಹೊಣೆ.