ಗೃಹಸ್ಥ, ಸೇವಕ, ಲೇಖಕ: ಫ್ರೆಡರಿಕ್ ಓಜನಾಮ್

ಒಂದು ಚರ್ಚಿನ ನೂರು ವರ್ಷಗಳ ಚರಿತ್ರೆಯನ್ನು ಬರೆಯ ಹೊರಟವರಿಗೆ ಮೊದಲು ಕೈಗೆ ಸಿಗುವುದು ಗುರುಗಳ ಹೆಸರುಗಳ ಪಟ್ಟಿ, ಅಸ್ತಿವಾರದ ಕಲ್ಲಿಟ್ಟ ದಿನ, ಗಂಟೆಯನ್ನು ತರಿಸಿದ ವರ್ಷ. ಇವೆಲ್ಲ ದಾಖಲೆಯಲ್ಲಿ ಉಳಿಯುತ್ತವೆ. ಉಳಿಯುವುದು ನ್ಯಾಯವೂ ಹೌದು. ಆದರೆ ವಾರವೆಲ್ಲ ದುಡಿದು, ಹೆಂಡತಿ ಮಕ್ಕಳ ಊಟ ಔಷಧಗಳ ಚಿಂತೆಯನ್ನು ಹೊತ್ತು, ಭಾನುವಾರದ ಪೂಜೆ ಮುಗಿದ ಮೇಲೆ ಅರ್ಧ ದಿನವನ್ನು ಯುವಕರ ಸಂಘಕ್ಕೋ ಬಡವರ ಮನೆಯ ಭೇಟಿಗೋ ಕೊಟ್ಟ ಗೃಹಸ್ಥರ ಲೆಕ್ಕವನ್ನು ಯಾವ ಕಡತದಲ್ಲಿಯೂ ಬರೆದಿಟ್ಟಿರುವುದಿಲ್ಲ. ಅವರ ಮನೆಯವರು ಮಾತ್ರ ಅದನ್ನು ಬಲ್ಲರು. ಅನೇಕ ವೇಳೆ ಆ ಅರ್ಧ ದಿನದ ಬೆಲೆಯನ್ನು ತೆತ್ತವರೂ ಮನೆಯವರೇ.

ಇಂಥ ಶ್ರೀಸಾಮಾನ್ಯ ಕ್ರೈಸ್ತರ ಚರಿತ್ರೆಗೆ ಒಬ್ಬ ಮೂಲಪುರುಷನನ್ನು ಹುಡುಕುವುದಾದರೆ ಹತ್ತೊಂಬತ್ತನೆಯ ಶತಮಾನದ ಫ್ರಾನ್ಸ್ ದೇಶಕ್ಕೆ ಹೋಗಬೇಕಾಗುತ್ತದೆ. ನಮ್ಮ ಧರ್ಮಕೇಂದ್ರಗಳಲ್ಲಿ ಸಂತ ವಿನ್ಸೆಂಟ್ ದೆ ಪೌಲ್ ಸಭೆಯ ಹೆಸರನ್ನು ಕೇಳದವರು ವಿರಳ. ಅದನ್ನು ಸ್ಥಾಪಿಸಿದವರು ಸಂತ ವಿನ್ಸೆಂಟರೇ ಎಂದು ಭಾವಿಸಿದವರೂ ಉಂಟು. ಸಂತ ವಿನ್ಸೆಂಟರು 1660ರಲ್ಲಿಯೇ ದೈವಾಧೀನರಾದವರು. ಸಭೆ ಹುಟ್ಟಿದ್ದು 1833ರಲ್ಲಿ. ಹುಟ್ಟುಹಾಕಿದವರು ಪ್ಯಾರಿಸಿನ ಕೆಲವು ಮಂದಿ ವಿದ್ಯಾರ್ಥಿಗಳು. ಅವರಲ್ಲಿ ಮುಂದಾಳಾಗಿದ್ದವರು ಫ್ರೆಡರಿಕ್ ಓಜನಾಮರು. ಅವರು ಗುರುಗಳಲ್ಲ, ಸನ್ಯಾಸಿಯಲ್ಲ. ಮದುವೆಯಾಗಿ ಮಗಳನ್ನು ಪಡೆದು, ಪಾಠ ಹೇಳಿ, ಪುಸ್ತಕ ಬರೆದು, ನಲವತ್ತು ವರ್ಷಕ್ಕೆ ಬದುಕು ಮುಗಿಸಿದ ಸಂಸಾರವಂದಿಗರು.

ಓಜನಾಮರು ಜನಿಸಿದ್ದು 1813ರ ಏಪ್ರಿಲ್ 23ರಂದು, ಆಗ ನೆಪೋಲಿಯನ್ನನ ಆಳ್ವಿಕೆಯಲ್ಲಿದ್ದ ಇಟಲಿಯ ಮಿಲಾನ್ ನಗರದಲ್ಲಿ. ಮನೆತನ ಮಾತ್ರ ಫ್ರಾನ್ಸಿನ ಲಿಯೋನ್ ಪ್ರಾಂತದ್ದು. ತಂದೆ ವೈದ್ಯರು. ತಾಯಿ ಹದಿನಾಲ್ಕು ಮಕ್ಕಳನ್ನು ಹೆತ್ತರೂ ಬೆಳೆದು ದೊಡ್ಡವರಾದ ಗಂಡುಮಕ್ಕಳು ಮೂವರೇ: ಹಿರಿಯರಾದ ಅಲ್ಫೋನ್ಸರು ಗುರುಗಳಾದರು, ಕಿರಿಯರಾದ ಚಾರ್ಲ್ಸರು ವೈದ್ಯರಾದರು, ನಡುವಿನವರೇ ನಮ್ಮ ಫ್ರೆಡರಿಕ್. ಹದಿನೈದು ಹದಿನಾರರ ವಯಸ್ಸಿನಲ್ಲಿ ವಿಶ್ವಾಸದ ವಿಷಯವಾಗಿ ಅವರಿಗೆ ತೀವ್ರವಾದ ಸಂಶಯಗಳು ಹುಟ್ಟಿದ್ದುವು. ತತ್ವಶಾಸ್ತ್ರದ ಉಪಾಧ್ಯಾಯರಾಗಿದ್ದ ನುವಾರೋ ಎಂಬ ಗುರುಗಳು ಅವರನ್ನು ತಾಳ್ಮೆಯಿಂದ ನಡೆಸಿ ದಡ ಸೇರಿಸಿದರು. ಹದಿನೆಂಟರ ಪ್ರಾಯದಲ್ಲಿಯೇ ಈ ತರುಣನ ಮೊದಲ ಹೊತ್ತಗೆ ಅಚ್ಚಾಗಿತ್ತು. ಅದು ಸಾಂ-ಸಿಮೋನ್ ಎಂಬಾತನ ಹೊಸ ಪಂಥವನ್ನು ವಿಮರ್ಶಿಸಿದ ಬರಹ.

1831ರಲ್ಲಿ ಕಾನೂನು ಕಲಿಯಲು ಪ್ಯಾರಿಸಿಗೆ ಬಂದ ಓಜನಾಮರಿಗೆ ತಂಗಲು ಮನೆ ಕೊಟ್ಟವರು ವಿದ್ಯುಚ್ಛಕ್ತಿಯ ಶಾಸ್ತ್ರಜ್ಞರಾದ ಆಂದ್ರೆ ಮರಿ ಆಂಪಿಯರರು. ವಿದ್ಯುತ್ ಪ್ರವಾಹವನ್ನು ಅಳೆಯುವ ಮಾನಕ್ಕೆ ಇಂದಿಗೂ ಅವರ ಹೆಸರೇ ಇದೆ. ಮನಸ್ಸು ಕುಗ್ಗಿದ್ದ ಒಂದು ದಿನ ಓಜನಾಮರು ಒಂದು ಚರ್ಚಿನೊಳಗೆ ಹೋದಾಗ, ಮೂಲೆಯಲ್ಲಿ ಮೊಣಕಾಲೂರಿ ಜಪಸರ ಹಿಡಿದು ಪ್ರಾರ್ಥಿಸುತ್ತಿದ್ದ ಆ ಮಹಾಪಂಡಿತರನ್ನು ಕಂಡರೆಂಬ ಸಂಗತಿ ಅವರ ಜೀವನಚರಿತ್ರೆಗಳಲ್ಲಿ ಪ್ರಸಿದ್ಧವಾಗಿದೆ.

ಆಗಿನ ಪ್ಯಾರಿಸ್ ವಿಶ್ವಾಸಕ್ಕೆ ಅನುಕೂಲವಾದ ಊರಾಗಿರಲಿಲ್ಲ. ಹಿಂದಿನ ಶತಮಾನದ ಕ್ರಾಂತಿಯ ಬಿಸಿ ಇನ್ನೂ ಆರಿರಲಿಲ್ಲ. 1832ರ ಕಾಲರಾ ಮಾರಿ ನಗರದಲ್ಲಿ ಹದಿನೆಂಟು ಸಾವಿರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತ್ತು. ವಿದ್ಯಾರ್ಥಿಗಳ ಚರ್ಚಾಕೂಟದಲ್ಲಿ ಓಜನಾಮರು ಧರ್ಮಸಭೆಯು ನಾಗರಿಕತೆಗೆ ಮಾಡಿದ ಉಪಕಾರಗಳನ್ನು ವರ್ಣಿಸಿದಾಗ, ಎದುರಾಳಿಗಳು ಒಂದೇ ಪ್ರಶ್ನೆ ಕೇಳಿದರು: ಹಿಂದೆ ಮಾಡಿದ್ದು ಸರಿ, ಈಗ ನೀವು ಏನು ಮಾಡುತ್ತಿದ್ದೀರಿ? ವಾದದಲ್ಲಿ ಗೆಲ್ಲುವ ಅಭ್ಯಾಸವಿದ್ದ ತರುಣನಿಗೆ ಈ ಪ್ರಶ್ನೆಗೆ ಮಾತಿನ ಉತ್ತರ ಸಾಲದೆಂಬುದು ಹೊಳೆಯಿತು.

1833ರ ಏಪ್ರಿಲ್ 23ರಂದು, ಓಜನಾಮರಿಗೆ ಇಪ್ಪತ್ತು ತುಂಬಿದ ದಿನವೇ, ಒಂದು ಪತ್ರಿಕೆಯ ಕಚೇರಿಯಲ್ಲಿ ಆರು ಮಂದಿ ವಿದ್ಯಾರ್ಥಿಗಳು ಸೇರಿದರು. ಅಧ್ಯಕ್ಷತೆ ವಹಿಸಿದವರು ಆ ಪತ್ರಿಕೆಯನ್ನು ನಡೆಸುತ್ತಿದ್ದ ಎಮಾನುಯೆಲ್ ಬೈಯಿ ಎಂಬ ಗೃಹಸ್ಥರು. ಪತ್ರಿಕಾಲಯದಲ್ಲಿ, ಮಕ್ಕಳೊಂದಿಗನಾದ ಒಬ್ಬ ಪತ್ರಿಕೋದ್ಯಮಿಯ ಆಶ್ರಯದಲ್ಲಿ, ಓದುವ ಹುಡುಗರ ಕೈಯಿಂದ ಈ ಸೇವಾಸಂಸ್ಥೆ ಹುಟ್ಟಿತೆಂಬುದನ್ನು ಗಮನಿಸಬೇಕು. ಮನೆ, ಸೇವೆ, ಲೇಖನಿ ಮೂರೂ ಅಂದು ಒಂದೇ ಕೋಣೆಯಲ್ಲಿದ್ದುವು. ಬಡವರು ಎಲ್ಲಿದ್ದಾರೆಂಬುದು ಕೂಡ ಆ ಹುಡುಗರಿಗೆ ಸರಿಯಾಗಿ ತಿಳಿದಿರಲಿಲ್ಲ. ಮುಫ್ತಾರ್ ಬಡಕೇರಿಯಲ್ಲಿ ದುಡಿಯುತ್ತಿದ್ದ ಸಿಸ್ಟರ್ ರೋಜಲಿ ರಾಂದ್ಯು ಅವರು ಕುಟುಂಬಗಳ ವಿಳಾಸ ಕೊಟ್ಟರು, ರೊಟ್ಟಿಗೂ ಇದ್ದಲಿಗೂ ಚೀಟಿ ಕೊಟ್ಟರು, ಬಡವರೊಡನೆ ಹೇಗೆ ಮಾತನಾಡಬೇಕೆಂಬುದನ್ನೂ ಕಲಿಸಿದರು. ಈ ಕನ್ಯಾಸ್ತ್ರೀ 2003ರಲ್ಲಿ ಪುನೀತ ಪದವಿಗೇರಿದರು.

ಈ ಕೂಟದ ನಿಯಮಗಳು ಎಷ್ಟು ಚಿಕ್ಕವಾಗಿದ್ದುವೆಂಬುದೇ ಇಲ್ಲಿನ ಮುಖ್ಯ ವಿಚಾರ. ವಾರಕ್ಕೊಂದು ಸಭೆ, ಪ್ರಾರ್ಥನೆ, ಬಡ ಕುಟುಂಬಗಳ ಮನೆಗೇ ಹೋಗಿ ಭೇಟಿ. ಸಭೆಯ ಕೊನೆಯಲ್ಲಿ ಕಾಣಿಕೆ ಎತ್ತಲಾಗುತ್ತಿತ್ತು. ಯಾರು ಎಷ್ಟು ಹಾಕಿದರೆಂದು ಪಕ್ಕದವನಿಗೂ ತಿಳಿಯುತ್ತಿರಲಿಲ್ಲ. ವ್ರತವಿಲ್ಲ, ಸಮವಸ್ತ್ರವಿಲ್ಲ, ಮನೆ ಬಿಟ್ಟು ಬರಬೇಕೆಂಬ ನಿರ್ಬಂಧವಿಲ್ಲ. ಇಷ್ಟರಿಂದ ಏನಾದೀತು ಎಂದು ನಕ್ಕವರಿದ್ದರು. ಆದರೆ ಆ ಅಳತೆ ಚಿಕ್ಕದಾಗಿದ್ದುದರಿಂದಲೇ ವಿದ್ಯಾರ್ಥಿ ವಕೀಲನಾದಾಗ, ಮದುವೆಯಾದಾಗ, ತಂದೆಯಾದಾಗ, ಅದನ್ನು ಬಿಡಬೇಕಾಗಿ ಬರಲಿಲ್ಲ. ಓದು ಮುಗಿಸಿ ಊರಿಗೆ ಮರಳಿದ ತರುಣರು ತಂತಮ್ಮ ಊರುಗಳಲ್ಲಿ ಇದೇ ಬಗೆಯ ಕೂಟಗಳನ್ನು ಕಟ್ಟಿದರು. ಹುರುಪಿನಿಂದ ಎಲ್ಲವನ್ನೂ ಒಮ್ಮೆಗೇ ಹೊತ್ತು ಎರಡು ವರ್ಷದಲ್ಲಿ ಚದುರಿಹೋಗುವ ಯುವಕ ಸಂಘಗಳನ್ನು ನಾವು ಎಷ್ಟು ಕಂಡಿಲ್ಲ! ಪ್ಯಾರಿಸಿನ ಸಂಘಕ್ಕೂ ಅಂಥ ಗಂಡಾಂತರ ಬಂದಿತ್ತು. ಸದಸ್ಯರು ನೂರನ್ನು ದಾಟಿದಾಗ, ಕೂಟವನ್ನು ಭಾಗಗಳಾಗಿ ಒಡೆಯಬೇಕೆಂದು 1834ರ ಡಿಸೆಂಬರಿನಲ್ಲಿ ಓಜನಾಮರು ಸೂಚಿಸಿದರು. ಗೆಳೆತನ ಒಡೆದುಹೋದೀತೆಂದು ಹಲವರು ಕಟುವಾಗಿ ವಿರೋಧಿಸಿದರು. ವಾದ ವಾರಗಟ್ಟಲೆ ನಡೆದು, ಕೊನೆಗೆ ವಿಭಜನೆಯೇ ಉಳಿಯಿತು. ಆ ವಿಭಜನೆಯಿಂದಲೇ ಸಭೆ ಬೆಳೆಯಿತು. ಮುಂದೆ 1844ರಲ್ಲಿ ಬೈಯಿಯವರು ಅಧ್ಯಕ್ಷ ಪದವಿಯನ್ನು ಬಿಟ್ಟಾಗ ಓಜನಾಮರು ಆ ಪೀಠವನ್ನೇರಲಿಲ್ಲ; ಉಪಾಧ್ಯಕ್ಷರಾಗಿಯೇ ಉಳಿದರು.

ಇಷ್ಟರಲ್ಲಿ ಮನೆಯ ಭಾರ ಅವರ ಹೆಗಲಿಗೆ ಬಂದಿತ್ತು. 1837ರಲ್ಲಿ ತಂದೆ ಬಡರೋಗಿಯೊಬ್ಬರನ್ನು ನೋಡಲು ಹೋಗಿ ಮೆಟ್ಟಿಲಿನಿಂದ ಬಿದ್ದು ತೀರಿಕೊಂಡರು. ತಾಯಿಯನ್ನು ನೋಡಿಕೊಳ್ಳಲು ಮಗ ಲಿಯೋನಿಗೆ ಮರಳಿ ಮನಸ್ಸಿಗೆ ಒಗ್ಗದ ವಕೀಲಿಯನ್ನು ಕೈಗೊಂಡರು. ಅದರ ನಡುವೆಯೇ ಇಟಲಿಯ ಮಹಾಕವಿ ದಾಂತೆಯನ್ನು ಕುರಿತು ಪ್ರಬಂಧ ಬರೆದು 1839ರಲ್ಲಿ ಸಾಹಿತ್ಯದ ಡಾಕ್ಟರೇಟ್ ಪಡೆದರು. ಅದೇ ವರ್ಷ ತಾಯಿಯೂ ಗತಿಸಿದರು. ಸನ್ಯಾಸ ಸ್ವೀಕರಿಸಿ ಡೊಮಿನಿಕನ್ ಸಭೆಯನ್ನು ಸೇರಬೇಕೇ ಎಂಬ ಪ್ರಶ್ನೆ ಅವರನ್ನು ಬಹುಕಾಲ ಕಾಡಿತು. ಮದುವೆಯಾಗುವುದೇ ಲೇಸೆಂದು ಹೇಳಿದವರು ಹಳೆಯ ಉಪಾಧ್ಯಾಯರಾದ ನುವಾರೋ ಗುರುಗಳು. 1841ರ ಜೂನ್ 23ರಂದು ಲಿಯೋನಿನ ಸಂತ ನಿಜಿಯೇ ದೇವಾಲಯದಲ್ಲಿ ಅಮೇಲಿ ಸುಲಕ್ರುವಾ ಅವರೊಡನೆ ವಿವಾಹವಾಯಿತು; ಬಲಿಪೂಜೆ ಅರ್ಪಿಸಿದವರು ಅಣ್ಣ ಅಲ್ಫೋನ್ಸರು. ಡೊಮಿನಿಕನ್ ಸಭೆಯನ್ನು ಫ್ರಾನ್ಸಿನಲ್ಲಿ ಮತ್ತೆ ಸ್ಥಾಪಿಸಿದ ಲಕೋರ್ದೇರ್ ಗುರುಗಳು, ಓಜನಾಮರು ಮದುವೆಯ ಬಲೆಗೆ ಬಿದ್ದರೆಂದು ವಿಷಾದಪಟ್ಟರಂತೆ. ಅದು ಜಗದ್ಗುರು ಒಂಬತ್ತನೆಯ ಪಿಯೂಸರ ಕಿವಿಗೆ ಬಿದ್ದಾಗ, ಪ್ರಭುವು ಏಳು ಸಂಸ್ಕಾರಗಳನ್ನು ಸ್ಥಾಪಿಸಿದರೆಂದು ಕೇಳಿದ್ದೇನೆ, ಆರು ಸಂಸ್ಕಾರಗಳೂ ಒಂದು ಬಲೆಯೂ ಎಂದು ಕೇಳಿಲ್ಲ ಎಂದು ನಕ್ಕರಂತೆ. ಜಗದ್ಗುರುಗಳ ಈ ವಿನೋದದಲ್ಲಿ ಗೃಹಸ್ಥರ ಪರವಾದ ಒಂದು ತೀರ್ಪೇ ಅಡಗಿದೆ.

ಮದುವೆಗೆ ಮುಂಚೆಯೇ ಅಮೇಲಿಯವರು ಒಂದು ಪರೀಕ್ಷೆಯನ್ನು ಎದುರಿಸಿದ್ದರು. ಲಿಯೋನಿನಲ್ಲಿ ನಿಂತಿದ್ದರೆ ಓಜನಾಮರಿಗೆ ಭದ್ರವಾದ ವೇತನ. ಪ್ಯಾರಿಸಿನ ಸೊರ್ಬೋನಿನಲ್ಲಾದರೋ ಹಿರಿಯ ಪ್ರಾಧ್ಯಾಪಕರೊಬ್ಬರ ಬದಲಿಗೆ ಪಾಠ ಹೇಳುವ, ನಾಳೆಯ ಖಾತರಿಯಿಲ್ಲದ ಸ್ಥಾನ. ಓಜನಾಮರ ಬರವಣಿಗೆಗೂ ಸೇವೆಗೂ ಪ್ಯಾರಿಸೇ ಬೇಕಾಗಿತ್ತು. ಭಾವೀ ಪತ್ನಿ ತವರನ್ನೂ ಅನುಕೂಲವನ್ನೂ ಬಿಟ್ಟು ಪ್ಯಾರಿಸಿಗೆ ಒಪ್ಪಿದರು. ಖಾಯಂ ಪ್ರಾಧ್ಯಾಪಕತ್ವ ದೊರೆತದ್ದು 1844ರಲ್ಲಿ. ಗರ್ಭ ನಿಲ್ಲದ ದುಃಖವನ್ನು ಅನುಭವಿಸಿದ ದಂಪತಿಗಳಿಗೆ 1845ರ ಜುಲೈ 24ರಂದು ಮಗಳು ಮರಿಯಾ ಹುಟ್ಟಿದಳು.

ವಿವಾಹದ ನೆನಪಿಗಾಗಿ ಪ್ರತಿ ತಿಂಗಳ 23ರಂದು ಓಜನಾಮರು ಹೆಂಡತಿಗೆ ಹೂ ತಂದುಕೊಡುತ್ತಿದ್ದರು. ಎಷ್ಟೇ ಕೆಲಸವಿದ್ದರೂ ಇದು ತಪ್ಪುತ್ತಿರಲಿಲ್ಲ. ಪಂಡಿತರ ಜೀವನದಲ್ಲಿ ಇಂಥ ಚಿಕ್ಕ ನಿಯಮಗಳನ್ನು ಚರಿತ್ರಕಾರರು ಅಡಿಟಿಪ್ಪಣಿಗೆ ತಳ್ಳಿಬಿಡುತ್ತಾರೆ. ನನಗಾದರೋ ಇದೂ ವಾರದ ಭೇಟಿಯ ನಿಯಮವೂ ಒಂದೇ ಮನಸ್ಸಿನಿಂದ ಹುಟ್ಟಿದುವೆಂದು ತೋರುತ್ತದೆ. ಮನಸ್ಸು ಬಂದಾಗ ಕೊಡುವುದಲ್ಲ, ದಿನ ಬಂದಾಗ ಕೊಡುವುದು.

ಇನ್ನೊಂದು ಪ್ರಸಂಗವನ್ನು ಹೇಳಲೇಬೇಕು. ಒಂದು ಹೊಸ ವರ್ಷದ ದಿನ, ಒಂದು ಬಡ ಕುಟುಂಬವು ಮನೆಯಲ್ಲುಳಿದಿದ್ದ ಒಂದೇ ಒಂದು ಒಳ್ಳೆಯ ಬಟ್ಟೆಪೆಟ್ಟಿಗೆಯನ್ನು ಒತ್ತೆಯಿಟ್ಟಿರುವುದು ಓಜನಾಮರಿಗೆ ನೆನಪಾಯಿತು. ಅದನ್ನು ಬಿಡಿಸಿಕೊಡುತ್ತೇನೆಂದರು. ಅಮೇಲಿಯವರು ಸಂಸಾರದ ವಿವೇಕದಿಂದ ಬೇಡವೆಂದರು, ಗಂಡ ಒಪ್ಪಿದರು. ಸಂಜೆ ಭೇಟಿಗಳನ್ನು ಮುಗಿಸಿ ಬಂದಾಗ ಮಗಳ ಸುತ್ತ ಉಡುಗೊರೆಯ ಆಟಿಕೆಗಳು ರಾಶಿಬಿದ್ದಿದ್ದುವು. ಸಿಹಿಯನ್ನು ಬಾಯಿಗಿಡಲು ಅವರಿಗೆ ಮನಸ್ಸಾಗಲಿಲ್ಲ. ಕಾರಣವನ್ನರಿತ ಅಮೇಲಿಯವರು ತಾವೇ, ಹೋಗಿ ಬಿಡಿಸಿಕೊಟ್ಟು ಬನ್ನಿ ಎಂದು ಕಳುಹಿಸಿದರು. ಆ ರಾತ್ರಿ ಅವರು ನೆಮ್ಮದಿಯಿಂದ ಮನೆಗೆ ಬಂದರು. ಬೆಳಿಗ್ಗೆ ಹೆಂಡತಿಯ ಮಾತನ್ನು ಮೀರಿ ಹೋಗದೆ, ಸಂಜೆ ಹೆಂಡತಿಯ ಮಾತಿನಿಂದಲೇ ಹೋದದ್ದನ್ನು ಓದುಗರು ಗಮನಿಸುವರೆಂದು ನಂಬುತ್ತೇನೆ.

ಬರಹದಲ್ಲಿಯೂ ಈ ಒಡನಾಟವಿತ್ತು. 1852ರಲ್ಲಿ ಪ್ರಕಟವಾದ, ಹದಿಮೂರನೆಯ ಶತಮಾನದ ಇಟಲಿಯ ಫ್ರಾನ್ಸಿಸ್ಕನ್ ಕವಿಗಳನ್ನು ಕುರಿತ ಗ್ರಂಥದಲ್ಲಿ, ಅಸಿಸಿಯ ಸಂತ ಫ್ರಾನ್ಸಿಸರ ಕಥೆಗಳ ಅನುವಾದ ಅಮೇಲಿಯವರದು. ಬಡತನವನ್ನು ವರಿಸಿದ ಸಂತರನ್ನು ಕುರಿತು ಬರೆದ ವಿದ್ವಾಂಸರು ಬಡವರ ಕತ್ತಲೆಕೋಣೆಗಳಿಗೆ ಹತ್ತೊಂಬತ್ತು ವರ್ಷ ಕಾಲುನಡಿಗೆಯಲ್ಲಿ ಹೋಗಿಬಂದವರಾಗಿದ್ದರು. 1848ರ ಕ್ರಾಂತಿಯ ವರ್ಷದಲ್ಲಿ ಲಕೋರ್ದೇರ್ ಮತ್ತು ಮಾರೇ ಗುರುಗಳೊಡನೆ ‘ಎರ್ ನೂವೆಲ್’, ಅಂದರೆ ‘ಹೊಸ ಯುಗ’ ಎಂಬ ದಿನಪತ್ರಿಕೆಯನ್ನು ಆರಂಭಿಸಿ, ಕೂಲಿಕಾರರ ದುಃಸ್ಥಿತಿಯನ್ನು ಕುರಿತು ಲೇಖನಗಳನ್ನು ಬರೆದರು. ಕ್ಯಾಥೋಲಿಕರಲ್ಲಿಯೇ ಅನೇಕರಿಗೆ ಆ ಲೇಖನಗಳು ಹಿಡಿಸಲಿಲ್ಲ. ಪತ್ರಿಕೆ ಮರುವರ್ಷವೇ ನಿಂತಿತು. ಅದೇ ಜೂನಿನ ಬೀದಿಕಾಳಗದಲ್ಲಿ, ಮನೆಯಲ್ಲಿ ಮೂರು ತುಂಬದ ಮಗುವನ್ನು ಬಿಟ್ಟು ರಾಷ್ಟ್ರರಕ್ಷಕ ದಳದಲ್ಲಿ ನಿಂತಿದ್ದ ಓಜನಾಮರು ಇಬ್ಬರು ಮಿತ್ರರೊಡನೆ ಮಹಾಧರ್ಮಾಧ್ಯಕ್ಷ ಆಫ್ರ್ ಅವರನ್ನು ಕಂಡು ಸಂಧಾನಕ್ಕಾಗಿ ಬೇಡಿದರು. ಶಾಂತಿಯ ಮಾತಾಡಲು ಬೀದಿತಡೆಯ ಬಳಿಗೆ ಹೋದ ಮಹಾಧರ್ಮಾಧ್ಯಕ್ಷರಿಗೆ ಗುಂಡು ತಗಲಿ, ಜೂನ್ 27ರಂದು ಅವರು ಪ್ರಾಣಬಿಟ್ಟರು.

ಇಷ್ಟೆಲ್ಲವನ್ನೂ ಓಜನಾಮರು ಸಲೀಸಾಗಿ ಸರಿದೂಗಿಸಿದರೆಂದು ಬರೆದರೆ ಸುಳ್ಳಾಗುತ್ತದೆ. 1846ರಲ್ಲಿಯೇ ಭಾರಿ ಕಾಯಿಲೆ ಎಚ್ಚರಿಕೆ ಕೊಟ್ಟಿತ್ತು. ಚೇತರಿಕೆಗೆಂದು ಇಟಲಿಗೆ ಹೋದವರು ಅಲ್ಲಿಯೂ ಹಳೆಯ ಹಸ್ತಪ್ರತಿಗಳನ್ನು ಹುಡುಕಿ ಗ್ರಂಥ ಸಿದ್ಧಪಡಿಸಿದರು. 1852ರ ವಸಂತದಲ್ಲಿ ಜ್ವರದಿಂದ ಮಲಗಿದ್ದಾಗ, ವಿದ್ಯಾರ್ಥಿಗಳು ಪಾಠಕ್ಕಾಗಿ ಗದ್ದಲ ಮಾಡುತ್ತಿದ್ದಾರೆಂದು ಕೇಳಿ, ಹೆಂಡತಿಯೂ ವೈದ್ಯರೂ ತಡೆದರೂ ಎದ್ದು ಹೋಗಿ ಪಾಠ ಹೇಳಿದರು. ಆ ಪೀಠದಲ್ಲಿ ಅವರ ಧ್ವನಿ ಮತ್ತೆ ಕೇಳಲಿಲ್ಲ. ಕೆಲವು ಜೀವನಚರಿತ್ರಕಾರರು ಇದನ್ನು ವೀರಕೃತ್ಯವೆಂದು ಕೊಂಡಾಡುತ್ತಾರೆ. ಆರು ವರ್ಷದ ಹೆಣ್ಣುಮಗುವಿನ ಕಡೆಯಿಂದ ನೋಡಿದರೆ ಅಮೇಲಿಯವರ ಮಾತೇ ನಡೆಯಬೇಕಾಗಿತ್ತೆಂದು ನನ್ನ ಅಭಿಪ್ರಾಯ.

ಕೊನೆಯ ತಿಂಗಳುಗಳು ಹೆಂಡತಿ ಮಗಳೊಡನೆ ಇಟಲಿಯ ಕಡಲ ತೀರದಲ್ಲಿ ಕಳೆದುವು. 1853ರ ಜನವರಿಯಲ್ಲಿ ಫ್ಲಾರೆನ್ಸ್ ನಗರದಲ್ಲಿ ಮಾತನಾಡುತ್ತ, ಬೆರಳೆಣಿಕೆಯ ಗೆಳೆಯರಿಂದ ಮೊದಲಾದ ಸಭೆಯಲ್ಲಿ ಈಗ ಪ್ಯಾರಿಸ್ ಒಂದರಲ್ಲೇ 2,000 ಸದಸ್ಯರಿದ್ದು 5,000 ಕುಟುಂಬಗಳನ್ನು ಭೇಟಿಮಾಡುತ್ತಿದ್ದಾರೆಂದು ತಿಳಿಸಿದರು. ಆಗಸ್ಟ್ 23ರಂದು, ನಡೆಯಲು ಶಕ್ತಿಯಿಲ್ಲದಿದ್ದರೂ, ಅಮೇಲಿಯವರ ಕೈಗೆ ಆ ತಿಂಗಳ ಹೂರೆಂಬೆ ತಪ್ಪದೆ ಸೇರಿತು. ಸ್ವದೇಶಕ್ಕೆ ಮರಳುವ ದಾರಿಯಲ್ಲಿ, ಮಾರ್ಸೇಲ್ಸ್ ಬಂದರಿನಲ್ಲಿ, ಸೆಪ್ಟೆಂಬರ್ 8ರಂದು ಅವರು ಕಣ್ಣುಮುಚ್ಚಿದರು. ನಮ್ಮ ಕರಾವಳಿಯ ಮಕ್ಕಳು ಬುಟ್ಟಿ ತುಂಬ ಹೂ ಹಿಡಿದು ಮಾತೆ ಮರಿಯಮ್ಮನವರ ಜನನೋತ್ಸವವನ್ನೂ ತೆನೆ ಹಬ್ಬವನ್ನೂ ಆಚರಿಸುವ ದಿನವದು.

1997ರ ಆಗಸ್ಟ್ 22ರಂದು, ಲೋಕದ ಯುವಜನರು ಪ್ಯಾರಿಸಿನಲ್ಲಿ ಸೇರಿದ್ದ ಸಮಯದಲ್ಲಿ, ಜಗದ್ಗುರು ಎರಡನೆಯ ಜಾನ್ ಪಾಲರು ನೋತ್ರ್ ದಾಮ್ ದೇವಾಲಯದಲ್ಲಿ ಓಜನಾಮರನ್ನು ಪುನೀತರೆಂದು ಸಾರಿದರು. ಅಮೇಲಿಯವರು ಅದಕ್ಕೆ ಒಂದು ಶತಮಾನ ಮೊದಲೇ, 1894ರಲ್ಲಿ ತೀರಿಕೊಂಡಿದ್ದರು. ಮೂವತ್ತಮೂರರ ಪ್ರಾಯದಲ್ಲಿ ವಿಧವೆಯಾಗಿ, ನಲವತ್ತೊಂದು ವರ್ಷ ಬದುಕಿ, ಮಗಳನ್ನು ಬೆಳೆಸಿ ಮದುವೆಮಾಡಿ, ಗಂಡನ ಪತ್ರಗಳನ್ನು ಗೆಳೆಯರಿಂದ ಕೇಳಿ ತರಿಸಿ ಒಟ್ಟುಗೂಡಿಸಿದರು. ಇಂದು ನಾವು ಓಜನಾಮರ ಬಗೆಗೆ ಬಲ್ಲುದರಲ್ಲಿ ಬಹುಭಾಗ ಆ ಪತ್ರಗಳಿಂದಲೇ ಬಂದದ್ದು.