ನಾಗಪುರದ ಅಗಸೆ: ಎಣ್ಣೆ ಯಾರಿಗೆ, ಹಿಂಡಿ ಯಾರಿಗೆ?

ವಿಜಯಪುರ, ಕಲಬುರಗಿಯ ಮನೆಗಳಲ್ಲಿ ರೊಟ್ಟಿಗೆ ಅಗಸಿ ಚಟ್ನಿ ಬೇಕೇ ಬೇಕು. ಅದೇ ಅಗಸೆಗೆ ನಾಗಪುರದಲ್ಲಿ ಜವಸ ಎನ್ನುತ್ತಾರೆ. 1867ರಲ್ಲಿ ಮುಂಬಯಿಯ ರೈಲು ನಾಗಪುರ ತಲುಪಿತು. 1869ರಲ್ಲಿ ಸುಯೆಜ್ ಕಾಲುವೆ ತೆರೆಯಿತು. ಆಮೇಲೆ ಆ ಸೀಮೆಯ ಎರೆ ಭೂಮಿಯ ಅಗಸೆ ಮೂಟೆ ಮೂಟೆಯಾಗಿ ಯುರೋಪಿಗೆ ಸಾಗಿತು. ಅಲ್ಲಿ ಅದು ಬೇಕಾಗಿದ್ದದ್ದು ಊಟಕ್ಕಲ್ಲ. ಬಣ್ಣಕ್ಕೆ, ವಾರ್ನಿಶಿಗೆ, ಲಿನೋಲಿಯಂ ಎಂಬ ನೆಲಹಾಸಿಗೆ.

ಕೊಬ್ಬರಿ ಎಣ್ಣೆ ಬಳಿದರೆ ಜಿಡ್ಡಾಗಿಯೇ ಉಳಿಯುತ್ತದೆ. ಅಗಸೆ ಎಣ್ಣೆ ಒಣಗಿ ಗಟ್ಟಿ ಪದರವಾಗುತ್ತದೆ. ಕಾರಣ ಅದರ ರಚನೆ. ಎಣ್ಣೆಯಿರಲಿ, ತುಪ್ಪವಿರಲಿ, ಒಂದು ಗ್ಲಿಸರಾಲ್‌ಗೆ ಮೂರು ಕೊಬ್ಬಿನಾಮ್ಲಗಳ ಸರಪಳಿ ಅಂಟಿಕೊಂಡಿರುತ್ತದೆ. ತುಪ್ಪದಲ್ಲಿ ನೇರ ಸರಪಳಿಗಳೇ ಹೆಚ್ಚು. ಒತ್ತೊತ್ತಾಗಿ ಕೂರುವುದರಿಂದ ಚಳಿಗೆ ಹೆಪ್ಪುಗಟ್ಟುತ್ತದೆ. ಅಗಸೆ ಎಣ್ಣೆಯ ಅರ್ಧದಷ್ಟೋ ಅದಕ್ಕಿಂತ ಹೆಚ್ಚೋ ಲಿನೋಲೆನಿಕ್ ಆಮ್ಲ: 18 ಇಂಗಾಲ, 3 ಜೋಡಿ ಬಂಧ. ಈ ಬಂಧಗಳಿರುವಲ್ಲಿ ಸರಪಳಿ ಬಾಗುತ್ತದೆ. ಗಾಳಿಯ ಆಮ್ಲಜನಕ ಅಲ್ಲಿಯೇ ಕೆಲಸ ಮಾಡಿ ಸರಪಳಿಗಳನ್ನು ಒಂದಕ್ಕೊಂದು ಹೆಣೆಯುತ್ತದೆ.

ಬಣ್ಣಕ್ಕೆ ಬೇಕಾದ ಈ ಗುಣ ಜೀವಕ್ಕೂ ಬೇಕು. ಜೀವಕೋಶದ ಪೊರೆ ಫಾಸ್ಫೋಲಿಪಿಡ್‌ಗಳಿಂದ ಆದದ್ದು: ನೀರಿಗೆ ಒಲಿಯುವ ತಲೆ, ನೀರನ್ನು ಒಲ್ಲದ ಎರಡು ಬಾಲ. ಬಾಗಿದ ಬಾಲಗಳು ಪೊರೆಯನ್ನು ಸಡಿಲವಾಗಿಡುತ್ತವೆ. ಲಿನೋಲೆನಿಕ್ ಆಮ್ಲವನ್ನು ನಮ್ಮ ದೇಹ ತಾನೇ ತಯಾರಿಸಲಾರದು, ಊಟದಿಂದಲೇ ಬರಬೇಕು.

ನಷ್ಟದ ಲೆಕ್ಕವೂ ಈ ರಚನೆಯಲ್ಲೇ ಇದೆ. ಎಣ್ಣೆಯೆಂದರೆ ಇಂಗಾಲ, ಜಲಜನಕ, ಆಮ್ಲಜನಕ ಅಷ್ಟೇ. ಗಿಡ ಅವನ್ನು ಗಾಳಿ, ನೀರಿನಿಂದ ಪಡೆಯುತ್ತದೆ. ಮಣ್ಣಿನಿಂದ ಎಳೆದ ಸಾರಜನಕ, ರಂಜಕ ಉಳಿಯುವುದು ಹಿಂಡಿಯಲ್ಲಿ. ಬೀಜವನ್ನು ಇಲ್ಲೇ ಗಾಣಕ್ಕೆ ಹಾಕಿ ಎಣ್ಣೆಯನ್ನಷ್ಟೇ ಕಳಿಸಿದ್ದರೆ ಹಿಂಡಿ ದನಕ್ಕೆ, ಸಗಣಿ ಹೊಲಕ್ಕೆ ಸಲ್ಲುತ್ತಿತ್ತು. ಇಡೀ ಬೀಜ ಹಡಗು ಹತ್ತಿದಾಗ ಹೊಲದ ಸಾರವೂ ಹತ್ತಿತು. ಭಾರತದ ಬೇಸಾಯ ಕುರಿತ 1893ರ ವರದಿಯಲ್ಲಿ ರಸಾಯನತಜ್ಞ ಜೆ. ಎ. ವೋಲ್ಕರ್ ಎಣ್ಣೆಕಾಳು ರಫ್ತಿನ ಈ ನಷ್ಟವನ್ನು ಎತ್ತಿ ತೋರಿಸಿದ್ದರು.

ಬೀಜದಿಂದ ಎಣ್ಣೆ, ಎಣ್ಣೆಯಿಂದ ಬಣ್ಣ ಮಾಡುವ ವಿದ್ಯೆ ಊರಲ್ಲೇ ಇರಬೇಕಿತ್ತು. ನಾಗಪುರದ ಪಕ್ಕದ ಕಾಮ್ಟಿಯ ಮ್ಯಾಂಗನೀಸ್ ಗಣಿ ಮಾಲೀಕ ಡಿ. ಲಕ್ಷ್ಮೀನಾರಾಯಣ 1930ರಲ್ಲಿ ತೀರಿಕೊಂಡಾಗ, ಅನ್ವಯಿಕ ವಿಜ್ಞಾನ ಕಲಿಸಲೆಂದು ಆಸ್ತಿಯ ಬಹುಪಾಲನ್ನು ನಾಗಪುರ ವಿಶ್ವವಿದ್ಯಾಲಯಕ್ಕೆ ಉಯಿಲು ಬರೆದಿಟ್ಟಿದ್ದರು. 1942ರಲ್ಲಿ ಅವರ ಹೆಸರಿನ ತಂತ್ರಜ್ಞಾನ ಸಂಸ್ಥೆ ಹುಟ್ಟಿತು. ಎಣ್ಣೆಯ ತಂತ್ರಜ್ಞಾನ ಅಲ್ಲಿ ಒಂದು ಮುಖ್ಯ ವಿಷಯವಾಗಿ ಬೆಳೆಯಿತು. ಮೊದಲ ರೈಲು ಬಂದು ಆಗಲೇ 75 ವರ್ಷ ಕಳೆದಿದ್ದವು.