ನಾಗಾವಿಯ ಸರಸ್ವತೀಭಂಡಾರಿಗರು: ಒಂದು ಪ್ರಾಚೀನ ವಿದ್ಯಾಲಯದ ಪುಸ್ತಕಪಾಲಕರನ್ನು ಕುರಿತ ವಿಚಾರ

ಚಿತ್ತಾಪುರ ಪಟ್ಟಣದ ಸಮೀಪದಲ್ಲಿರುವ ನಾಗಾವಿಯು ಕನ್ನಡ ನಾಡಿನ ವಿದ್ಯಾಭ್ಯಾಸದ ಇತಿಹಾಸದಲ್ಲಿ ಹೆಸರಾದ ಸ್ಥಳ. ಇಲ್ಲಿಯ ಶಾಸನಗಳು ಹೈದರಾಬಾದ್ ಸಂಸ್ಥಾನದ ಪುರಾತತ್ತ್ವ ಇಲಾಖೆಯ ಗ್ರಂಥಮಾಲೆಯಲ್ಲಿ 1928ರಲ್ಲಿ ಅಚ್ಚಾದಂದಿನಿಂದ ಪ್ರಾಚೀನ ವಿದ್ಯಾಕೇಂದ್ರಗಳನ್ನು ಕುರಿತು ಬರೆದ ವಿದ್ವಾಂಸರೆಲ್ಲರೂ ಈ ಊರಿನ ಘಟಿಕಾಶಾಲೆಯನ್ನು ಸ್ಮರಿಸುತ್ತ ಬಂದಿದ್ದಾರೆ. ಆದರೆ ಸ್ಮರಿಸುವವರ ಗಮನವೆಲ್ಲ ಸಾಮಾನ್ಯವಾಗಿ ವಿದ್ಯಾರ್ಥಿಗಳ ಸಂಖ್ಯೆಯ ಮೇಲೆಯೂ ದಾನಿಯ ಔದಾರ್ಯದ ಮೇಲೆಯೂ ನಿಲ್ಲುತ್ತದೆ. ಅದೇ ಶಾಸನದಲ್ಲಿ ಬರುವ ಆರು ಮಂದಿ ಸರಸ್ವತೀಭಂಡಾರಿಗರನ್ನು ಒಂದು ವಾಕ್ಯದಲ್ಲಿ ಹೆಸರಿಸಿ ಮುಂದೆ ಸಾಗುವುದೇ ರೂಢಿಯಾಗಿದೆ. ಪ್ರಕೃತ ಲೇಖನದಲ್ಲಿ ಆ ಆರು ಮಂದಿಯ ವಿಚಾರವನ್ನೇ ಮುಖ್ಯವಾಗಿ ಎತ್ತಿಕೊಂಡಿದ್ದೇವೆ. ಪುಸ್ತಕ ಭಂಡಾರವೆಂಬುದು ಪುಸ್ತಕಗಳಿಂದ ಮಾತ್ರ ಆಗುವುದಲ್ಲ, ಅದನ್ನು ಕಾಯುವವರ ಜೀವನಕ್ಕೆ ಏರ್ಪಾಡು ಇದ್ದಲ್ಲಿ ಮಾತ್ರ ಅದು ಉಳಿಯುತ್ತದೆ ಎಂಬುದನ್ನು ನಾಗಾವಿಯ ಉದಾಹರಣೆಯಿಂದ ತೋರಿಸುವುದು ನಮ್ಮ ಉದ್ದೇಶ.

1

ಮೊದಲು ಸ್ಥಳವನ್ನು ಕುರಿತು ಎರಡು ಮಾತು. ಇಂದು ವಾಡಿ ಜಂಕ್ಷನ್ನಿನಲ್ಲಿ ಮುಂಬಯಿ-ಚೆನ್ನೈ ಮಾರ್ಗವನ್ನು ಬಿಟ್ಟು ಪೂರ್ವಕ್ಕೆ ತಿರುಗಿದರೆ, 1874ರಲ್ಲಿ ಸಿಕಂದರಾಬಾದಿನ ಕಡೆಗೆ ತೆರೆದ ರೈಲುಮಾರ್ಗದ ಮೇಲೆ ಚಿತ್ತಾಪುರ, ಮಳಖೇಡ ರೋಡ್, ಸೇಡಂ ನಿಲ್ದಾಣಗಳು ಒಂದಾದಮೇಲೊಂದರಂತೆ ಬರುತ್ತವೆ. ಈ ಅಲ್ಪ ಅಂತರದೊಳಗೆ ದಖ್ಖನಿನ ವಿದ್ಯೆಯ ಇತಿಹಾಸದ ಹಲವು ಘಟ್ಟಗಳು ಅಡಕವಾಗಿವೆ. ಸೇಡಂ ತಾಲ್ಲೂಕಿನ ಮಳಖೇಡವು ರಾಷ್ಟ್ರಕೂಟರ ಮಾನ್ಯಖೇಟ. ನೃಪತುಂಗ ಅಮೋಘವರ್ಷನ ಆಸ್ಥಾನವಿದ್ದುದೂ, ಪುಷ್ಪದಂತನು 965ರಲ್ಲಿ ತನ್ನ ಅಪಭ್ರಂಶ ಮಹಾಪುರಾಣವನ್ನು ಮುಗಿಸಿದುದೂ ಅಲ್ಲಿಯೇ. ಶಹಾಬಾದದ ಬಳಿಯ ಮರ್ತೂರನ್ನು 'ಮಿತಾಕ್ಷರಾ'ದ ಕರ್ತೃವಾದ ವಿಜ್ಞಾನೇಶ್ವರನ ಊರೆಂದು ಗುರುತಿಸಲಾಗಿದೆ. ಸೇಡಂ ಶಾಸನಗಳ ಸೇಡಿಂಬ. ಅಲ್ಲಿಯ ಮುನ್ನೂರು ಮಹಾಜನರ ಪಾಂಡಿತ್ಯವನ್ನು 12ನೆಯ ಶತಮಾನದ ಶಾಸನಗಳು ಹೊಗಳುತ್ತವೆ. ನಾರಾಯಣನ ಭಕ್ತರಾದ ಆ ಮಹಾಜನರೇ ಶಾಂತಿನಾಥನ ಬಸದಿಯನ್ನು ಕಟ್ಟಿಸಿದರೆಂಬುದು ಆ ಕಾಲದ ಮತಸಾಮರಸ್ಯಕ್ಕೆ ಸಾಕ್ಷಿಯಾಗಿದೆ. ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಿ 1989ರಲ್ಲಿ ದೊರೆತ ಅಶೋಕನ ಶಾಸನಗಳನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಈ ಪ್ರದೇಶದ ಅಕ್ಷರ ಪರಂಪರೆಯು ಇನ್ನೂ ಹನ್ನೆರಡು ಹದಿಮೂರು ಶತಮಾನಗಳಷ್ಟು ಹಿಂದಕ್ಕೆ ಹೋಗುತ್ತದೆ.

972ರಲ್ಲಿ ಪರಮಾರ ಸೀಯಕನು ಮಾನ್ಯಖೇಟವನ್ನು ಸೂರೆಮಾಡಿದನು. ಮರುವರ್ಷವೇ ಚಾಲುಕ್ಯ ತೈಲಪನು ರಾಜ್ಯವನ್ನು ವಶಪಡಿಸಿಕೊಂಡನು. 11ನೆಯ ಶತಮಾನದಲ್ಲಿ ರಾಜಧಾನಿಯು ಕಲ್ಯಾಣಕ್ಕೆ ಹೋಯಿತು. ರಾಜಧಾನಿ ಹೋದರೂ ವಿದ್ಯೆ ಈ ಪ್ರದೇಶವನ್ನು ಬಿಟ್ಟುಹೋಗಲಿಲ್ಲ. ಅಗ್ರಹಾರಗಳೂ ಬಸದಿಗಳೂ ಅದನ್ನು ಹಿಡಿದು ನಿಲ್ಲಿಸಿದುವು. ನಾಗಾವಿಯ ಘಟಿಕಾಶಾಲೆಯನ್ನು ಈ ಹಿನ್ನೆಲೆಯಲ್ಲಿ ನೋಡಬೇಕು.

2

ಶಾಸನದ ಕಾಲ ಶಕ 980, ಎಂದರೆ ಕ್ರಿ. ಶ. 1058. ತ್ರೈಲೋಕ್ಯಮಲ್ಲನೆಂಬ ಬಿರುದಿನ ಒಂದನೆಯ ಸೋಮೇಶ್ವರನು ಆಗ ಆಳುತ್ತಿದ್ದನು. ಅವನ ದಂಡನಾಯಕನಾದ ಮಧುಸೂದನನು ನಾಗಾವಿಯಲ್ಲಿ ದೇವಾಲಯವನ್ನೂ ಘಟಿಕಾಶಾಲೆಯನ್ನೂ ಕಟ್ಟಿಸಿ ಅವುಗಳ ನಡೆವಳಿಗೆ ದತ್ತಿಗಳನ್ನು ಬಿಟ್ಟನು. ಘಟಿಕೆಯೆಂಬುದು ಹೊಸ ಮಾತಲ್ಲ. ಕದಂಬ ಮಯೂರಶರ್ಮನು ವಿದ್ಯಾರ್ಜನೆಗಾಗಿ ಕಂಚಿಯ ಘಟಿಕೆಗೆ ಹೋದುದನ್ನು ತಾಳಗುಂದದ ಶಾಸನ ಹೇಳುತ್ತದೆ. ನಾಗಾವಿಯ ವಿಶೇಷವೆಂದರೆ, ಅದರ ಶಾಸನವು ಹೊಗಳಿಕೆಯಲ್ಲಿ ನಿಲ್ಲದೆ ಸಿಬ್ಬಂದಿಯ ಪಟ್ಟಿಯನ್ನೇ ಕೊಡುತ್ತದೆ. ವೇದವನ್ನು ಓದುವ 200 ಮಂದಿ ವಿದ್ಯಾರ್ಥಿಗಳು, ಶಾಸ್ತ್ರವನ್ನು ಓದುವ ಐವತ್ತರಷ್ಟು ವಿದ್ಯಾರ್ಥಿಗಳು, ವೇದಕ್ಕೆ ಮೂವರು ಅಧ್ಯಾಪಕರು, ಶಾಸ್ತ್ರಕ್ಕೆ ಮೂವರು ವ್ಯಾಖ್ಯಾತೃಗಳು, ಇವರೊಡನೆ ಆರು ಮಂದಿ ಸರಸ್ವತೀಭಂಡಾರಿಗರು. ಶಾಸ್ತ್ರದ ಮೂವರಲ್ಲಿ ಒಬ್ಬನು ಭಾಟ್ಟಮತದ ಮೀಮಾಂಸೆಗೆ, ಒಬ್ಬನು ಪ್ರಾಭಾಕರ ಮತಕ್ಕೆ, ಒಬ್ಬನು ನ್ಯಾಸಕ್ಕೆ ನಿಯುಕ್ತನಾಗಿದ್ದನು.

ಈ ಪಟ್ಟಿಯಿಂದ ಎರಡು ಬಗೆಯ ತೀರ್ಮಾನಗಳನ್ನು ಮಾಡಬಹುದು. ಅವುಗಳಲ್ಲಿ ಒಂದು ಬಹಳ ಪ್ರಚಾರದಲ್ಲಿದೆ: ಆರು ಮಂದಿ ಪಾಲಕರು ಬೇಕಾಗಿದ್ದರೆಂದಮೇಲೆ ಪುಸ್ತಕ ಭಂಡಾರವು ಅತಿ ದೊಡ್ಡದಾಗಿದ್ದಿರಬೇಕು, ಸಾವಿರಾರು ಗ್ರಂಥಗಳಿದ್ದಿರಬೇಕು ಎಂಬುದು. ಈ ವಾದವನ್ನು ನಾವು ಒಪ್ಪಲಾರೆವು. ಶಾಸನವು ಗ್ರಂಥಗಳ ಸಂಖ್ಯೆಯನ್ನು ಹೇಳುವುದಿಲ್ಲ. ಜನರ ಸಂಖ್ಯೆಯಿಂದ ಗ್ರಂಥಗಳ ಸಂಖ್ಯೆಯನ್ನು ಎಣಿಸುವುದು ಅರ್ವಾಚೀನ ಗ್ರಂಥಾಲಯದ ಮಾದರಿಯನ್ನು ಹಿಂದಿನ ಕಾಲದ ಮೇಲೆ ಹೊರಿಸಿದಂತಾಗುತ್ತದೆ. ಎರಡನೆಯ ತೀರ್ಮಾನವೇ ಶಾಸನಕ್ಕೆ ಹೆಚ್ಚು ಹತ್ತಿರವಾದುದು: ಆರು ಜನರನ್ನು ನಿಯಮಿಸುವಷ್ಟು ಕೆಲಸ ಅಲ್ಲಿ ದಿನನಿತ್ಯ ಇತ್ತು. ಹಾಗಾದರೆ ಆ ಕೆಲಸ ಯಾವುದು?

3

ವೇದಾಧ್ಯಯನವು ಬಾಯಿಪಾಠದಿಂದ ನಡೆಯುತ್ತಿದ್ದಿತು. ಬರೆದುದನ್ನು ನೋಡಿ ವೇದ ಹೇಳುವವನನ್ನು ಪ್ರಾಚೀನರು ಕೀಳಾಗಿ ಕಂಡರು. ಆದುದರಿಂದ 200 ಮಂದಿ ವೇದವಿದ್ಯಾರ್ಥಿಗಳಿಂದ ಭಂಡಾರಿಗರಿಗೆ ಹೆಚ್ಚು ಕೆಲಸ ಬಿದ್ದಿರಲಾರದು. ಭಾರವೆಲ್ಲ ಶಾಸ್ತ್ರದ ಐವತ್ತು ಮಂದಿಯ ಕಡೆಯದು. ಕುಮಾರಿಲನ ವಾರ್ತಿಕಗಳಾಗಲಿ ಪ್ರಭಾಕರನ ಬೃಹತಿಯಾಗಲಿ ಗ್ರಂಥವನ್ನು ಎದುರಿಗಿಟ್ಟುಕೊಂಡು ವ್ಯಾಖ್ಯಾನ ಮಾಡಬೇಕಾದುವು. ನ್ಯಾಸವಂತೂ ಪಾಣಿನಿಯ ಸೂತ್ರಗಳಿಗಿರುವ ಕಾಶಿಕಾವೃತ್ತಿಯ ಮೇಲೆ ಜಿನೇಂದ್ರಬುದ್ಧಿಯು ಬರೆದ ವಿಸ್ತಾರವಾದ ಟೀಕೆ. ಬೌದ್ಧನೊಬ್ಬನ ಗ್ರಂಥಕ್ಕೆ ವೈದಿಕ ಅಗ್ರಹಾರದ ಶಾಲೆಯಲ್ಲಿ ಪ್ರತ್ಯೇಕ ವ್ಯಾಖ್ಯಾತೃವಿದ್ದನೆಂಬುದು ಗಮನಾರ್ಹ. ಸೂತ್ರ, ವೃತ್ತಿ, ಟೀಕೆ ಹೀಗೆ ಒಂದರ ಮೇಲೊಂದು ನಿಂತ ಗ್ರಂಥಗಳನ್ನು ಓದುವವರಿಗೆ ಒಂದೇ ಪಾಠಕ್ಕೆ ಹಲವು ಓಲೆಗಟ್ಟುಗಳು ಬೇಕಾಗುತ್ತವೆ. ಅವುಗಳನ್ನು ಬಿಚ್ಚಿಕೊಡುವುದು, ಗರಿಗಳನ್ನು ಎಣಿಸಿ ಮರಳಿ ಪಡೆಯುವುದು, ಕ್ರಮ ತಪ್ಪಿದ ಗರಿಗಳನ್ನು ಸರಿಪಡಿಸಿ ದಾರಕ್ಕೆ ಪೋಣಿಸುವುದು, ಎರಡು ಹಲಗೆಗಳ ನಡುವೆ ಬಿಗಿದು ಬಟ್ಟೆಯಲ್ಲಿ ಸುತ್ತಿಡುವುದು, ಇವು ಎಲ್ಲಾ ಓಲೆಗ್ರಂಥ ಭಂಡಾರಗಳಲ್ಲಿಯೂ ನಡೆಯುತ್ತಿದ್ದ ಕೆಲಸಗಳು.

ಇವಕ್ಕಿಂತಲೂ ಮುಖ್ಯವಾದುದು ಪ್ರತಿಮಾಡುವ ಕೆಲಸ. ಓಲೆಗೆ ಆಯುಸ್ಸು ಮಿತವಾದುದು. ಮಳೆಗಾಲದ ತೇವ, ಗೆದ್ದಲು, ಹುಳು ಒಂದು ಕಡೆ. ಬೇಸಗೆಯ ಒಣಗಾಳಿ ಇನ್ನೊಂದು ಕಡೆ. ಕಲಬುರಗಿ ಸೀಮೆಯ ಬಿಸಿಲಿನಲ್ಲಿ ಎಣ್ಣೆ ಸವರದ ಗರಿ ಬೇಗ ಬಿರುಕು ಬಿಡುತ್ತದೆ. ಬರವಣಿಗೆಗೆ ಒಳ್ಳೆಯದಾದ ಶ್ರೀತಾಳೆಯು ಬೆಳೆಯುವುದು ಮಳೆಯ ನಾಡಿನಲ್ಲಿ. ಆದುದರಿಂದ ಗರಿಗಳನ್ನು ದೂರದಿಂದ ತರಿಸಿ, ಹದಮಾಡಿ, ಕಂಟದಿಂದ ಕೊರೆದು, ಕಾಡಿಗೆ ತುಂಬಿ, ಮೂಲದೊಡನೆ ಹೋಲಿಸಿ ತಿದ್ದಬೇಕು. ಹಳೆಯ ಪ್ರತಿ ಕೆಡುವುದಕ್ಕೆ ಮೊದಲು ಹೊಸ ಪ್ರತಿ ಸಿದ್ಧವಾಗದಿದ್ದರೆ ಗ್ರಂಥವೇ ಹೋದಂತೆ. ಪ್ರತಿಮಾಡಿಸುವುದು ಎಷ್ಟು ದೊಡ್ಡ ಪುಣ್ಯಕಾರ್ಯವೆಂದು ಆ ಕಾಲದವರು ಭಾವಿಸಿದ್ದರೆಂಬುದಕ್ಕೆ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದುದು ಸಾಕಾದ ನಿದರ್ಶನ. ಅತ್ತಿಮಬ್ಬೆಯದು ಒಂದು ಸಲದ ದಾನ. ನಾಗಾವಿಯಲ್ಲಿ ಮಧುಸೂದನನು ಮಾಡಿದುದು ಮುಂದುವರಿಯುವ ಏರ್ಪಾಡು. ಎರಡೂ ದೊಡ್ಡವೇ, ಆದರೆ ಭಂಡಾರದ ದೃಷ್ಟಿಯಿಂದ ಎರಡನೆಯದು ಹೆಚ್ಚು ದೂರದೃಷ್ಟಿಯದು.

ಸರಸ್ವತೀಭಂಡಾರವೆಂಬ ಹೆಸರೂ ವಿಚಾರಾರ್ಹವಾಗಿದೆ. ಭಂಡಾರವೆಂದರೆ ಬೊಕ್ಕಸ, ಭಂಡಾರಿಯು ಲೆಕ್ಕಕ್ಕೆ ಹೊಣೆಯಾದವನು. ಅರಸನ ಪೊನ್ನಿನ ಭಂಡಾರಕ್ಕೆ ಹೇಗೋ ಹಾಗೆ ವಾಗ್ದೇವಿಯ ಭಂಡಾರಕ್ಕೂ ಅಧಿಕಾರಿಗಳಿರಬೇಕೆಂಬ ಭಾವನೆ ಈ ಮಾತಿನಲ್ಲಿದೆ. ಗ್ರಂಥವನ್ನು ಪೂಜೆಯ ವಸ್ತುವಾಗಿ ಮಾತ್ರ ಕಾಣದೆ ಲೆಕ್ಕವಿಡಬೇಕಾದ ಸ್ವತ್ತಾಗಿ ಕಂಡುದರಿಂದಲೇ ಈ ಪದವಿ ಹುಟ್ಟಿತೆಂದು ನಾವು ಭಾವಿಸುತ್ತೇವೆ. ಅಷ್ಟೇ ಅಲ್ಲದೆ, ಭಂಡಾರಿಗರಿಗೂ ಅಧ್ಯಾಪಕರಿಗೆ ಕೊಟ್ಟಂತೆ ಭೂಮಿಯನ್ನು ವೃತ್ತಿಯಾಗಿ ಬಿಡಲಾಗಿದ್ದಿತು. ಅಧ್ಯಾಪಕರು ಆರು, ಭಂಡಾರಿಗರೂ ಆರು. ಇಬ್ಬರನ್ನೂ ಒಂದೇ ಪಟ್ಟಿಯಲ್ಲಿ, ಒಂದೇ ಬಗೆಯ ಜೀವಿತದ ಮೇಲೆ ನಿಲ್ಲಿಸಿದ ಈ ಕ್ರಮವೇ ನಾಗಾವಿಯ ಶಾಸನದ ನಿಜವಾದ ಹಿರಿಮೆ.

ಹೋಲಿಕೆಗಾಗಿ ವಿಜಾಪುರ ಸೀಮೆಯ ಸಾಲೊಟಗಿಯನ್ನು ನೋಡಬಹುದು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣನು ಅಲ್ಲಿ ಕಟ್ಟಿಸಿದ ಶಾಲೆಗೆ 945ರ ಶಾಸನದಲ್ಲಿ ವಿದ್ಯಾರ್ಥಿಗಳ 27 ವಸತಿಗಳ ಉಲ್ಲೇಖವಿದೆ. ದೀಪಕ್ಕೆಂದೇ 12 ನಿವರ್ತನ ಭೂಮಿಯನ್ನು ಬಿಟ್ಟುದು ಅದರಲ್ಲಿ ಬರುತ್ತದೆ. ಊಟ, ವಸತಿ, ದೀಪ ಎಲ್ಲಕ್ಕೂ ಅಲ್ಲಿ ಏರ್ಪಾಡುಂಟು. ನೂರು ವರ್ಷಗಳಾದ ಮೇಲೆ ನಾಗಾವಿಯಲ್ಲಿ ಪುಸ್ತಕಪಾಲಕನ ಹುದ್ದೆಯೂ ಆ ಪಟ್ಟಿಗೆ ಸೇರಿರುವುದನ್ನು ಕಾಣುತ್ತೇವೆ. ವಿದ್ಯಾಲಯದ ಕಲ್ಪನೆಯೇ ಬೆಳೆದುದರ ಗುರುತಿದು.

4

ಈಗ ನಾಗಾವಿಗೆ ಹೋದವರಿಗೆ ಕಾಣುವುದೇನು? ಅರವತ್ತು ಕಂಬದ ಗುಡಿ, ಶಾಸನದ ಕಲ್ಲುಗಳು, ಎಲ್ಲಮ್ಮನ ಗುಡಿಗೆ ನಡೆದುಕೊಳ್ಳುವ ಭಕ್ತರು. ಶಹಾಬಾದಿನ ಹಾಸುಗಲ್ಲಿಗೂ ವಾಡಿಯ ಸಿಮೆಂಟಿಗೂ ಹೆಸರಾದ ಈ ಸೀಮೆಯಲ್ಲಿ ಕಲ್ಲಿಗೆ ಕೊರತೆಯಿಲ್ಲ. ಕಲ್ಲಿನಲ್ಲಿ ಮಾಡಿದುದೆಲ್ಲ ಬಹುಮಟ್ಟಿಗೆ ಉಳಿದಿದೆ. ಉಳಿಯದೆ ಹೋದುದು ಓಲೆ. ಆ ಭಂಡಾರದ ಗ್ರಂಥಗಳಲ್ಲಿ ಒಂದೂ ನಮ್ಮ ಕೈಗೆ ಬಂದಿಲ್ಲ.

ಇದಕ್ಕೆ ಒಂದು ಯುದ್ಧವನ್ನೋ ಒಬ್ಬ ಅರಸನನ್ನೋ ಕಾರಣವೆಂದು ತೋರಿಸುವುದು ಸುಲಭ. ಆದರೆ ಅದು ವಿಚಾರಪೂರ್ಣವಲ್ಲ. ಕಲ್ಯಾಣದ ಪ್ರಭುತ್ವ ಕುಗ್ಗಿತು. 1347ರಲ್ಲಿ ಬಹಮನಿ ರಾಜ್ಯವು ಸ್ಥಾಪಿತವಾಗಿ ಕಲಬುರಗಿಯು ರಾಜಧಾನಿಯಾಯಿತು. ಆಳುವವರ ವಿದ್ಯೆಯ ಭಾಷೆ ಬದಲಾಯಿತು. ಭೂಮಿಯ ಉತ್ಪತ್ತಿ ಭಂಡಾರಿಗನಿಗೆ ಬರುವುದು ನಿಂತ ದಿನವೇ ಪ್ರತಿಮಾಡುವ ಕೆಲಸವೂ ನಿಂತಿರಬೇಕು. ಆಮೇಲೆ ಬೆಂಕಿಯೂ ಬೇಡ, ಶತ್ರುವೂ ಬೇಡ. ಎರಡು ಮೂರು ತಲೆಮಾರುಗಳ ಮಳೆಬಿಸಿಲುಗಳೇ ಸಾಕು. ಇದಕ್ಕೆ ವಿರುದ್ಧವಾದ ನಿದರ್ಶನವೂ ನಮ್ಮ ನಾಡಿನಲ್ಲಿಯೇ ಇದೆ. ಅಮೋಘವರ್ಷನ ಕಾಲದಲ್ಲಿ, 837ರಲ್ಲಿ, ಜಿನಸೇನನು ಪೂರ್ಣಗೊಳಿಸಿದ ಜಯಧವಲಾ ಟೀಕೆಯ ಓಲೆಪ್ರತಿ ಮಾನ್ಯಖೇಟದಲ್ಲಿ ಉಳಿಯಲಿಲ್ಲ. ದೂರದ ಮೂಡಬಿದಿರೆಯ ಬಸದಿಯಲ್ಲಿ ಉಳಿಯಿತು. ಅಲ್ಲಿ ಕಾಯುವವರು ತಲೆಮಾರಿನಿಂದ ತಲೆಮಾರಿಗೆ ಇದ್ದರು.

ಬೀದರಿನ ಉದಾಹರಣೆಯನ್ನೂ ಇಲ್ಲಿ ನೆನೆಯಬಹುದು. ಚಿಂಚೋಳಿಯಿಂದ ಉತ್ತರಕ್ಕಿರುವ ಆ ನಗರದಲ್ಲಿ ಮಹಮೂದ್ ಗಾವಾನನು 1472ರಲ್ಲಿ ಕಟ್ಟಿಸಿದ ಮದರಸದಲ್ಲಿ 3,000 ಗ್ರಂಥಗಳಿದ್ದುವೆಂದು ಹೇಳಿಕೆಯುಂಟು. 17ನೆಯ ಶತಮಾನದ ಕೊನೆಯಲ್ಲಿ ಮದ್ದಿನ ಸ್ಫೋಟದಿಂದ ಕಟ್ಟಡದ ಒಂದು ಭಾಗವೇ ಹಾರಿಹೋಯಿತು. ಬೀದರಿನಲ್ಲಿ ಗ್ರಂಥಗಳ ಎಣಿಕೆ ನೆನಪಿನಲ್ಲಿ ನಿಂತಿದೆ. ನಾಗಾವಿಯಲ್ಲಿ ಪಾಲಕರ ಎಣಿಕೆ ಕಲ್ಲಿನಲ್ಲಿ ನಿಂತಿದೆ. ಎರಡನ್ನೂ ಕೂಡಿಸಿ ಓದಿದವರಿಗೆ ಮಧ್ಯಯುಗದ ದಖ್ಖನಿನ ವಿದ್ಯಾಲಯದ ಚಿತ್ರ ಪೂರ್ಣವಾಗುತ್ತದೆ.

5

ಈ ಹಳೆಯ ವಿಚಾರಕ್ಕೂ ಇಂದಿನ ವಿಶ್ವವಿದ್ಯಾನಿಲಯಗಳಿಗೂ ಸಂಬಂಧವಿಲ್ಲವೆಂದು ವಾಚಕರು ಭಾವಿಸಬಾರದು. 1956ರವರೆಗೆ ಹೈದರಾಬಾದ್ ಸಂಸ್ಥಾನ ಮತ್ತು ರಾಜ್ಯಕ್ಕೆ ಸೇರಿದ್ದ ಈ ಜಿಲ್ಲೆಯ ತರುಣರಿಗೆ ಉನ್ನತ ವಿದ್ಯೆಯೆಂದರೆ 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯವೇ ಆಗಿದ್ದಿತು. ಗುಲಬರ್ಗಾ ವಿಶ್ವವಿದ್ಯಾನಿಲಯ 1980ರಲ್ಲಿಯೂ, ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾನಿಲಯ 2009ರಲ್ಲಿಯೂ ಸ್ಥಾಪಿತವಾದುವು. ನಾಗಾವಿಯ ಕಾಲದಿಂದ ಎಣಿಸಿದರೆ, ಈ ನೆಲದಲ್ಲಿ ವಿಶ್ವವಿದ್ಯೆಯ ಪುಸ್ತಕ ಭಂಡಾರವು ಮತ್ತೆ ತಲೆಯೆತ್ತಲು ಒಂಬತ್ತು ಶತಮಾನಗಳಿಗೂ ಹೆಚ್ಚು ಕಾಲ ಹಿಡಿಯಿತು.

ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 1957ರಲ್ಲಿ ಎಸ್. ಆರ್. ರಂಗನಾಥನ್ ಅವರ ಅಧ್ಯಕ್ಷತೆಯಲ್ಲಿ ನೇಮಿಸಿದ ಗ್ರಂಥಾಲಯ ಸಮಿತಿಯು, ಗ್ರಂಥಪಾಲಕರ ಸ್ಥಾನವೂ ವೇತನವೂ ಅಧ್ಯಾಪಕರಿಗೆ ಸಮಾನವಾಗಿರಬೇಕೆಂದು ಶಿಫಾರಸು ಮಾಡಿತು. ಆಯೋಗದ 2010ರ ಮತ್ತು 2018ರ ನಿಯಮಾವಳಿಗಳು ಗ್ರಂಥಪಾಲಕರನ್ನು ಅಧ್ಯಾಪಕರೊಡನೆ ಒಂದೇ ಕಟ್ಟಳೆಗೆ ಒಳಪಡಿಸಿವೆ. ಇದನ್ನು ಅನೇಕರು ಪಶ್ಚಿಮದಿಂದ ಬಂದ ಹೊಸ ವಿಚಾರವೆಂದು ತಿಳಿದಿದ್ದಾರೆ. ಚಿತ್ತಾಪುರದ ಪಕ್ಕದ ಕಲ್ಲೊಂದು ಅದೇ ಮಾತನ್ನು 1058ರಲ್ಲಿಯೇ ಹೇಳಿತ್ತೆಂಬುದು ತಿಳಿಯಬೇಕಾದ ವಿಷಯ.

ಆದರೆ ಕಟ್ಟಳೆ ಬೇರೆ, ಕಟ್ಟಳೆಯಂತೆ ನಡೆವಳಿ ಬೇರೆ. ವಾರ್ಷಿಕ ವರದಿಗಳಲ್ಲಿ ಹೊಸದಾಗಿ ಕೊಂಡ ಪುಸ್ತಕಗಳ ಸಂಖ್ಯೆ, ನಿಯತಕಾಲಿಕಗಳ ಸಂಖ್ಯೆ, ಗಣಕಯಂತ್ರಗಳ ಸಂಖ್ಯೆ ಕ್ರಮವಾಗಿ ಬರುತ್ತವೆ. ಯಾರು ನಿವೃತ್ತರಾದರು, ಅವರ ಸ್ಥಳಕ್ಕೆ ಯಾರು ಬಂದರು, ಬಾರದಿದ್ದರೆ ಆ ಕೆಲಸವನ್ನು ಯಾರು ಹೊತ್ತರು ಎಂಬುದು ಅಷ್ಟು ಕ್ರಮವಾಗಿ ಬರುವುದಿಲ್ಲ. ಇದನ್ನು ಸಣ್ಣ ವಿಷಯವೆಂದು ಬಿಡುವಂತಿಲ್ಲ. ಇಂದಿನ ಭಂಡಾರವು ಓಲೆಯಿಂದ ಕಾಗದಕ್ಕೆ, ಕಾಗದದಿಂದ ವಿದ್ಯುನ್ಮಾನ ಕಡತಕ್ಕೆ ಸಾಗಿರಬಹುದು. ಆದರೆ ಕೆಡುವುದಕ್ಕೆ ಮೊದಲು ಪ್ರತಿಮಾಡಬೇಕೆಂಬ ಧರ್ಮ ಬದಲಾಗಿಲ್ಲ. ವಿದ್ಯುನ್ಮಾನ ಕಡತವು ಓಲೆಗಿಂತಲೂ ಅಲ್ಪಾಯುಷಿ. ಅದನ್ನು ಕೆಲವೇ ವರ್ಷಗಳಿಗೊಮ್ಮೆ ಹೊಸ ಸಾಧನಕ್ಕೆ ಸಾಗಿಸುತ್ತಿರಬೇಕು. ಅದನ್ನು ಮಾಡುವವನು ಮನುಷ್ಯನೇ. ಅವನ ಹುದ್ದೆ ಖಾಲಿಯಾದರೆ ಏನಾಗುವುದೆಂಬುದನ್ನು ನಾಗಾವಿ ಒಮ್ಮೆ ತೋರಿಸಿಕೊಟ್ಟಿದೆ.

ಆದಕಾರಣ ನಮ್ಮ ಸೂಚನೆ ಇಷ್ಟು. ಸೇಡಂ, ಚಿತ್ತಾಪುರ, ಶಹಾಬಾದ, ಚಿಂಚೋಳಿಗಳ ಕಾಲೇಜುಗಳೂ ಈ ಪ್ರಾಂತದ ವಿಶ್ವವಿದ್ಯಾನಿಲಯಗಳೂ ತಮ್ಮ ಗ್ರಂಥಾಲಯಗಳ ವಾರ್ಷಿಕ ವರದಿಯಲ್ಲಿ ಪುಸ್ತಕಗಳ ಪಟ್ಟಿಗೆ ಮೊದಲು ಸಿಬ್ಬಂದಿಯ ಪಟ್ಟಿಯನ್ನು ಕೊಡುವ ಪದ್ಧತಿಯನ್ನಿಡಬೇಕು. ಮಂಜೂರಾದ ಹುದ್ದೆಗಳೆಷ್ಟು, ತುಂಬಿದವೆಷ್ಟು ಎಂಬುದು ಅದರಲ್ಲಿ ಸ್ಪಷ್ಟವಾಗಿರಬೇಕು. ಮುಂದೆ ಈ ವಿದ್ಯಾಲಯಗಳ ಇತಿಹಾಸವನ್ನು ಬರೆಯುವವರಿಗೆ ಅದಕ್ಕಿಂತ ಉಪಯುಕ್ತವಾದ ಆಧಾರ ಬೇರೊಂದು ದೊರೆಯದು. ಮಧುಸೂದನ ದಂಡನಾಯಕನು ತನ್ನ ಶಾಲೆಯ ಭಂಡಾರಿಗರನ್ನು ಎಣಿಸಿ ಕಲ್ಲಿನ ಮೇಲೆ ಬರೆಯಿಸಿದ್ದರಿಂದಲೇ ಇಂದು ಆ ಆರು ಮಂದಿಯ ವಿಚಾರವನ್ನು ಎತ್ತುವುದು ನಮಗೆ ಸಾಧ್ಯವಾಗಿದೆ.